ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಸಂಶೋಧನಾ ಸಮೀಕ್ಷೆಗೆ ಉತ್ತರಿಸಬೇಕೇ?

ಮಂಡ್ಯದಲ್ಲಿ ಲಕ್ವ ಹೊಡೆದ ಅತ್ತೆಯನ್ನು ನೋಡಿಕೊಳ್ಳುತ್ತಿದ್ದೇನೆ, ಸಮೀಕ್ಷೆಗೆ ಕರೆದಿದ್ದಾರೆ, ಹೋಗಲೇ ಎಂದು ಕೇಳಿದ್ದೀರಿ. ಹೋಗಿ. ಆದರೆ ಮೊದಲು ಸಮ್ಮತಿ ಪತ್ರವನ್ನು ಕನ್ನಡದಲ್ಲೇ ಕೇಳಿ ಓದಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅತ್ತೆಯ ಚಿಕಿತ್ಸೆಗೆ ತೊಂದರೆ ಆಗಕೂಡದು. ಓಟಿಪಿ ಕೇಳಿದರೆ ಮಾತ್ರ ಅಲ್ಲಿಗೇ ಎದ್ದುಬಿಡಿ.

ಇಂಥ ಅಧ್ಯಯನಗಳಲ್ಲಿ ಆರೈಕೆ ಮಾಡುವವರ ಮೇಲಿನ ಹೊರೆಯನ್ನು ಅಳೆಯಲು ಬಹಳ ಬಳಕೆಯಲ್ಲಿರುವ ಜಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ: ನಿಮಗೆಂದು ಸಮಯ ಉಳಿಯುತ್ತದೆಯೇ, ಸಿಟ್ಟು ಬರುತ್ತದೆಯೇ, ಹೀಗೆ. ನಮ್ಮ ಕಡೆ ಸೊಸೆಯರು "ಏನೂ ಕಷ್ಟವಿಲ್ಲ" ಅಂದುಬಿಡುವುದೇ ಹೆಚ್ಚು (ಪಕ್ಕದಲ್ಲಿ ಮಾವ ಕೂತಿದ್ದರಂತೂ ಕೇಳುವುದೇ ಬೇಡ). ಒಬ್ಬರೇ ಕೂತು ಉತ್ತರಿಸಿ. ರಾತ್ರಿ ಎಷ್ಟು ಸಲ ಏಳುತ್ತೀರಿ, ಎಷ್ಟು ದಿನದ ಕೂಲಿ ಕಳೆದುಕೊಂಡಿರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.