ಖಾರ ಬೀಳುವ ಮೊದಲು ಒಂದು ಸೌಟು

ಪ್ರಶ್ನೆ: ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಮಗನಿಗೆ 1 ವರ್ಷ 10 ತಿಂಗಳು, ಹಗಲೆಲ್ಲ ಅತ್ತೆ ನೋಡಿಕೊಳ್ಳುತ್ತಾರೆ. ಊಟವೆಂದರೆ ಬಾಯಿ ಬಿಗಿ ಹಿಡಿಯುತ್ತಾನೆ. ಅವನಿಗೆಂದೇ ದಿನಾ ಬೇರೆ ಕುಕ್ಕರಿನಲ್ಲಿ ಅಕ್ಕಿ, ಹೆಸರುಬೇಳೆ ಬೇಯಿಸಿ ಮಿಕ್ಸಿಗೆ ಹಾಕಿ ಇಟ್ಟು ಹೋಗುತ್ತೇನೆ. ಸಂಜೆ ಬಂದು ನೋಡಿದರೆ ಅರ್ಧಕ್ಕರ್ಧ ಉಳಿದಿರುತ್ತದೆ. ಮೊಬೈಲ್ ತೋರಿಸಿದರೆ ನಾಲ್ಕು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ರೊಟ್ಟಿ ಕೊಟ್ಟರೆ ಉಗುಳುತ್ತಾನೆ. ಎಮ್ಮೆ ಹಾಲು ಮಾತ್ರ ಬಾಟಲಿಯಲ್ಲಿ ದಿನಕ್ಕೆ ನಾಲ್ಕು ಸಲ, ಒಂದೊಂದು ಚಮಚ ಸಕ್ಕರೆ ಹಾಕಿ. ನಡುನಡುವೆ ಬಿಸ್ಕೀಟು. ಸಂಡಾಸಿಗೆ ಹೋಗುವುದು ಮೂರು ದಿನಕ್ಕೊಮ್ಮೆ, ಅದೂ ಅತ್ತು ಅತ್ತು. "ನಮ್ಮ ಮಕ್ಕಳು ಖಾರದ ಸಾರು ಉಂಡೇ ಬೆಳದಾವ, ನಿನ್ನ ಸಪ್ಪನ ಗಂಜಿ ಯಾರು ಉಣ್ತಾರ" ಎನ್ನುತ್ತಾರೆ ಅತ್ತೆ. ಯಜಮಾನರದು "ನೀವಿಬ್ರು ಏನರ ಮಾಡ್ಕೊಳ್ರಿ" ಎಂಬ ಒಂದೇ ಮಾತು. ಹೋದ ವಾರ ಉಣಿಸುವಾಗ ಸಿಟ್ಟು ತಡೆಯದೆ ಮಗನಿಗೆ ಹೊಡೆದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ತೂಕ 10 ಕೆಜಿ 600 ಗ್ರಾಂ. ಕೆಲಸ ಬಿಟ್ಟುಬಿಡಲೇ?
– ಹೆಸರು ಬೇಡ, ಗಂಗಾವತಿ

ಉತ್ತರ: ಕೆಲಸ ಬಿಡಬೇಡಿ. ನೀವು ಮನೆಯಲ್ಲಿ ಕೂತರೂ ಬಾಟಲಿ ನಾಲ್ಕೇ ಇದ್ದರೆ ಮಗು ಉಣ್ಣುವುದು ಇಷ್ಟೇ.

ಒಂದು ಲೆಕ್ಕ ಹಾಕೋಣ, ಲೆಕ್ಕ ನಿಮ್ಮ ಕಸುಬೇ. ಬಾಟಲಿ ಎಷ್ಟರದ್ದೆಂದು ನೀವು ಬರೆದಿಲ್ಲ, 250 ಮಿಲಿಯದ್ದು ಎಂದುಕೊಳ್ಳುತ್ತೇನೆ. ನಾಲ್ಕು ಸಲಕ್ಕೆ ಒಂದು ಲೀಟರ್. ಗಟ್ಟಿ ಎಮ್ಮೆ ಹಾಲಿನಲ್ಲಿ 100 ಮಿಲಿಗೆ ಸುಮಾರು 100 ಕ್ಯಾಲರಿ ಇರುತ್ತದೆ. ಅಲ್ಲಿಗೆ ಸಾವಿರವಾಯಿತು. ನಾಲ್ಕು ಚಮಚ ಸಕ್ಕರೆಯದು ಇನ್ನೊಂದು ಎಂಬತ್ತು. ಈ ವಯಸ್ಸಿನ ಮಗುವಿಗೆ ಇಡೀ ದಿನಕ್ಕೆ ಬೇಕಾದದ್ದು ಸಾವಿರದಿಂದ ಸಾವಿರದ ನೂರು. ನೀರು ಬೆರೆಸಿದ್ದರೆ ಸ್ವಲ್ಪ ಇಳಿಯುತ್ತದೆ, ಬಿಸ್ಕೀಟು ಸೇರಿದರೆ ಮತ್ತೆ ಅಲ್ಲಿಗೇ ಏರುತ್ತದೆ. ಮಗ ಊಟ ಬಿಟ್ಟಿಲ್ಲ, ಊಟ ಮುಗಿಸಿಯೇ ನಿಮ್ಮ ಮುಂದೆ ಕೂಡುತ್ತಾನೆ. ಹೊಟ್ಟೆ ತುಂಬಿದವನ ಬಾಯಿ ತೆರೆಸಲು ಮೊಬೈಲ್ ಬೇಕಾಗುತ್ತದೆ, ಅದೂ ಸಾಲದಾದಾಗ ಕೈ ಮೇಲೇಳುತ್ತದೆ.

ಕ್ಯಾಲರಿ ಸಿಕ್ಕಿತಲ್ಲ, ಇನ್ನೇನು ಎನ್ನಬೇಡಿ. ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆಂಬಷ್ಟು ಕಡಿಮೆ. ಒಂದು ಲೀಟರ್ ಕುಡಿದರೂ 2 ಮಿಲಿಗ್ರಾಂ ದಕ್ಕುವುದು ಕಷ್ಟ, ಬೇಕಾದದ್ದು ದಿನಕ್ಕೆ 8. ಹೀಗೆ ಹಾಲಿನ ಮೇಲೆಯೇ ಬೆಳೆದ ಮಕ್ಕಳು ನೋಡಲು ದುಂಡಗಿದ್ದೂ ರಕ್ತಹೀನತೆಗೆ ಬೀಳುತ್ತಾರೆ. ರಕ್ತ ಕಡಿಮೆಯಾದರೆ ಹಸಿವೂ ಕಡಿಮೆ. ಹಸಿವಿಲ್ಲವೆಂದು ಮನೆಯವರು ಇನ್ನೊಂದು ಬಾಟಲಿ ಹಿಡಿಯುತ್ತಾರೆ. ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುವುದಕ್ಕೂ ಬಹುಪಾಲು ಕಾರಣ ಇದೇ. ಹಾಲಿನಲ್ಲಿ ನಾರಿಲ್ಲ. ಮಲಬದ್ಧತೆಯಿಂದ ಹೊಟ್ಟೆ ಬಿಗಿದಿರುವ ಮಗು ಉಣ್ಣಲು ಮನಸ್ಸು ಮಾಡುವುದಿಲ್ಲ.

ತೂಕದ ವಿಷಯದಲ್ಲಿ ಗಾಬರಿ ಬೇಡ. 22 ತಿಂಗಳ ಗಂಡು ಮಗುವಿನ ನಡುಮಟ್ಟದ ತೂಕ 11.8 ಕೆಜಿ, 9.4ಕ್ಕಿಂತ ಕೆಳಗಿಳಿದರೆ ಕಡಿಮೆ ತೂಕ ಎನ್ನುತ್ತಾರೆ. ನಿಮ್ಮ ಮಗ ನಡುವೆ ಇದ್ದಾನೆ, ತಾಯಿ ಕಾರ್ಡಿನ ತೂಕದ ನಕ್ಷೆಯ ಹಸಿರು ಪಟ್ಟಿಯೊಳಗೆ. ಒಂದು ಸಲದ ತೂಕಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಎಂಬುದು ಮುಖ್ಯ. ಇನ್ನೊಂದು ಮಾತು. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕ ಮೂರು ಪಟ್ಟಾಗುತ್ತದೆ, ಎರಡನೆಯ ವರ್ಷ ಏರುವುದು ಎರಡು, ಎರಡೂವರೆ ಕೆಜಿ ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ. "ಮೊದಲ ಚಲೋ ಉಣ್ತಿದ್ದ, ಈಗ ಸೊರಗ್ಯಾನ" ಎಂಬ ಮಾತು ಹುಟ್ಟುವುದು ಸರಿಯಾಗಿ ಈ ವಯಸ್ಸಿನಲ್ಲೇ.

ಬಾಟಲಿ ಇಳಿಸುವುದು ಹೇಗೆ? ಒಮ್ಮೆಗೇ ಕಿತ್ತುಕೊಳ್ಳಬೇಡಿ, ಮನೆ ರಣರಂಗವಾಗುತ್ತದೆ. ಮೊದಲು ಸಕ್ಕರೆ. ಮೂರು ದಿನ ಅರ್ಧ ಚಮಚ, ಮೂರು ದಿನ ಕಾಲು, ಆಮೇಲೆ ಇಲ್ಲ. ಜೊತೆಗೇ ಮಧ್ಯಾಹ್ನದ ಊಟಕ್ಕೆ ಮುಂಚಿನ ಬಾಟಲಿಯನ್ನು ಇಳಿಸಲು ಶುರು ಮಾಡಿ. ಹಸಿವು ಕೊಲ್ಲುವುದು ಅದೇ. ಎರಡೆರಡು ದಿನಕ್ಕೆ 50 ಮಿಲಿ ಕಡಿಮೆ ಮಾಡುತ್ತ ಹೋದರೆ ಹತ್ತು ದಿನಕ್ಕೆ ಅದು ನಿಂತಿರುತ್ತದೆ. ಆಮೇಲೆ ಸಂಜೆಯದು. ರಾತ್ರಿ ಮಲಗುವಾಗಿನದನ್ನು ಕೊನೆಗೆ ಮುಟ್ಟಿ, ಅದಕ್ಕೇ ಅವನು ಹೆಚ್ಚು ಅಂಟಿಕೊಂಡಿರುತ್ತಾನೆ. ಅದನ್ನು ನಿಲ್ಲಿಸುವುದಲ್ಲ, ಲೋಟಕ್ಕೆ ಬದಲಾಯಿಸುವುದು, ಕುಡಿದ ಮೇಲೆ ಹಲ್ಲುಜ್ಜಿಸುವುದು. ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ನಿದ್ದೆಹೋದರೆ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ಕೊನೆಗೆ ಉಳಿಯಬೇಕಾದದ್ದು ಬೆಳಿಗ್ಗೆ ಎದ್ದಾಗ 150, ರಾತ್ರಿ 150 ಮಿಲಿ, ಊಟದಲ್ಲಿ ಒಂದು ಸಣ್ಣ ಬಟ್ಟಲು ಮೊಸರು. ಊಟಕ್ಕೆ ಎರಡು ತಾಸು ಮೊದಲು ಹಾಲಿಲ್ಲ, ಬಿಸ್ಕೀಟಿಲ್ಲ. ನೀರು ಕೇಳಿದಷ್ಟು ಕೊಡಿ. ನಮ್ಮ ಕಡೆಯ ಬಿಸಿಲಿಗೆ ಅದೂ ಸಾಲದೆ ಮಲ ಗಟ್ಟಿಯಾಗುತ್ತದೆ.

ಇನ್ನು ಅಡುಗೆ. ನೀವೂ ಅತ್ತೆಯೂ ಹಗ್ಗಜಗ್ಗಾಟ ಆಡುತ್ತಿರುವುದು ಇಲ್ಲೇ, ಮತ್ತು ಇಬ್ಬರದೂ ಅರ್ಧರ್ಧ ಸರಿ. ಮಗು ಮನೆಯವರು ಉಣ್ಣುವುದನ್ನೇ ಉಣ್ಣಬೇಕು ಎಂಬಲ್ಲಿ ಅತ್ತೆ ಸರಿ. ಆ ಖಾರ ಅವನಿಗೆ ಆಗದು ಎಂಬಲ್ಲಿ ನೀವು ಸರಿ. ಮಿಕ್ಸಿಯಲ್ಲಿ ರುಬ್ಬಿದ ಗಂಜಿ ಏಳೆಂಟು ತಿಂಗಳ ಕೂಸಿನದು. ಎರಡು ವರ್ಷದ ಹೊಸ್ತಿಲಲ್ಲಿರುವವನಿಗೆ ಅದು ಅಗಿಯಲು ಕಲಿಸುವುದಿಲ್ಲ, ರುಚಿಯೂ ದಿನಾ ಒಂದೇ. ಹಾಗಾಗಿ ಆ ಎರಡನೆಯ ಕುಕ್ಕರನ್ನು ಎತ್ತಿಡಿ. ಅಡುಗೆ ಒಂದೇ ಇರಲಿ, ಖಾರ ಬೀಳುವ ಮೊದಲು ಅವನ ಪಾಲು ತೆಗೆದಿಡಿ.

ತೊಗರಿಬೇಳೆ ಅರಿಸಿನದ ಜೊತೆ ಬೆಂದ ಮೇಲೆ, ಉಪ್ಪು, ಹುಣಸೆ, ಖಾರದಪುಡಿ ಬೀಳುವ ಮೊದಲು ಒಂದೂವರೆ ಸೌಟು ಗಟ್ಟಿ ಬೇಳೆ ಒಂದು ಬಟ್ಟಲಿಗೆ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡಿ, ಚಿಟಿಕೆ ಉಪ್ಪು. ಸಪ್ಪಗಿದೆ ಎಂಬ ಅತ್ತೆಯ ದೂರಿಗೆ ಬೆಳ್ಳುಳ್ಳಿಯೇ ಉತ್ತರ. ಮಾಡಿದ ಸಾರಿಗೆ ನೀರು ಬೆರೆಸಿ ಖಾರ ಕಡಿಮೆ ಮಾಡುತ್ತೇನೆ ಎಂದು ಹೊರಡಬೇಡಿ. ಮೆಣಸಿನಕಾಯಿಯ ಉರಿ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಸಾರು ತೆಳ್ಳಗಾಗುತ್ತದೆ, ಉರಿ ಅಷ್ಟಾಗಿ ಇಳಿಯುವುದಿಲ್ಲ. ಪಲ್ಯದ ಹೋಳನ್ನು ನೀರಲ್ಲಿ ತೊಳೆದು ಕೊಡುವುದೂ ಇದೇ ಕಾರಣಕ್ಕೆ ದಂಡ.

ಪುಂಡಿಪಲ್ಯದಲ್ಲಿ ತೊಡಕಿದೆ. ಸೊಪ್ಪು, ಬೇಳೆ, ಜೋಳದ ನುಚ್ಚಿನ ಜೊತೆಗೇ ಹಸಿಮೆಣಸಿನಕಾಯಿ ಬೇಯಿಸಿ ಹಿಸುಕುವುದು ರೂಢಿ. ಹಾಗೆ ಮಾಡಿದರೆ ಮಗುವಿನ ಪಾಲು ತೆಗೆಯಲು ಸಂದೇ ಸಿಗುವುದಿಲ್ಲ. ಮೆಣಸಿನಕಾಯಿ ಬಿಟ್ಟು ಬೇಯಿಸಿ, ಹಿಸುಕಿ, ಅವನದನ್ನು ತೆಗೆದಿಟ್ಟು, ಮೆಣಸಿನಕಾಯಿ ಬೆಳ್ಳುಳ್ಳಿಯನ್ನು ಬೇರೆ ಕುಟ್ಟಿ ದೊಡ್ಡವರ ಒಗ್ಗರಣೆಗೆ ಹಾಕಿ. ರುಚಿಯಲ್ಲಿ ತುಸು ವ್ಯತ್ಯಾಸವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಎಣ್ಣೆಯಲ್ಲಿ ಹುರಿದ ಮೆಣಸಿನಕಾಯಿ ಕೆಲವರಿಗೆ ಇನ್ನೂ ಹಿಡಿಸಬಹುದು.

ರೊಟ್ಟಿ ಉಗುಳುವುದಕ್ಕೆ ಹಟ ಕಾರಣವಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗಿ ಇಲ್ಲ. ಬಿಸಿ ಇರುವಾಗ ಮೆತ್ತಗಿದ್ದ ರೊಟ್ಟಿ ಆರಿದರೆ ಬಿರುಸಾಗಿ ಬಾಯಲ್ಲಿ ಪುಡಿಪುಡಿಯಾಗುತ್ತದೆ. ಅವನಿಗೆ ಈಗ ಇರುವುದು ಮೊದಲ ಜೊತೆ ದವಡೆ ಹಲ್ಲು. ಅರೆಯುವ ಹಿಂದಿನ ಜೊತೆ ಬರುವುದು ಸಾಮಾನ್ಯವಾಗಿ ಎರಡು ವರ್ಷದಿಂದ ಎರಡೂವರೆಯೊಳಗೆ. ಹೀಗೆ ಮಾಡಿ. ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯ ಕಾಲು ಭಾಗ, ಅಂಚು ಬಿಟ್ಟು, ಉಗುರಿನಷ್ಟು ಚೂರು ಮಾಡಿ. ಮೇಲೆ ಆ ಬೇಳೆ ಬಿಸಿಬಿಸಿ ಸುರಿದು ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಬೆರಳಿನಲ್ಲಿ ನುರಿಯಿರಿ, ಅಲ್ಲಲ್ಲಿ ಚೂರು ಸಿಗುವಂತಿರಲಿ. ಬೇಳೆ ಆರಿದ್ದರೆ ರೊಟ್ಟಿ ಹೀರುವುದಿಲ್ಲ, ಮೇಲೆ ಒದ್ದೆ ಒಳಗೆ ಒರಟು ಆಗುತ್ತದೆ. ಅವನು ಮತ್ತೆ ಉಗುಳಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಕಡಕ್ ರೊಟ್ಟಿಯಾದರೆ ಇಪ್ಪತ್ತು ನಿಮಿಷ ಬೇಕು. ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಜೋಳ ಬೇಳೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಅದು ಬೇಕು. ಚಹಾ ಅದನ್ನು ಕೆಡಿಸುತ್ತದೆ. ಅಜ್ಜಿ ತಮ್ಮ ಬಸಿಯಿಂದ ಎರಡು ಗುಟುಕು ಕುಡಿಸುವ ಅಭ್ಯಾಸವಿದ್ದರೆ ಬಿಡಿಸಿ. ಮೊಟ್ಟೆ ನಿಮ್ಮ ಮನೆಯಲ್ಲಿ ನಡೆಯುತ್ತದೋ ಇಲ್ಲವೋ ಬರೆದಿಲ್ಲ. ನಡೆದರೆ ದಿನಕ್ಕೊಂದು ಕೊಡಿ, ಪೂರ್ತಿ ಬೇಯಿಸಿ.

ಖಾರವಿಲ್ಲದ ಶೇಂಗಾ ಪುಡಿ ಒಂದು ಡಬ್ಬಿ ಮಾಡಿಟ್ಟರೆ ಅತ್ತೆಗೆ ಹಗಲು ಹಗುರ. ಒಂದು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ತೂರಿ. ಮುರುಟಿದ, ಕಪ್ಪಾದ, ಕಹಿ ಕಾಳು ಎಸೆಯಿರಿ, ಅಂಥವುಗಳಲ್ಲಿ ಬೂಷ್ಟಿನ ವಿಷ ಇರುತ್ತದೆ. ಕಾಲು ಬಟ್ಟಲು ಪುಟಾಣಿ (ಹುರಿಗಡಲೆ), ಅರ್ಧ ಚಮಚ ಜೀರಿಗೆ ಸೇರಿಸಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಚಮಚ ಪುಡಿ, ಅರ್ಧ ಚಮಚ ತುಪ್ಪ, ಬಿಸಿ ಅನ್ನ, ಇದು ಐದು ನಿಮಿಷದ ಊಟ. ಬೇಸಿಗೆಯಲ್ಲಿ ಹತ್ತು ದಿನಕ್ಕೆ ಕಮಟು ವಾಸನೆ ಬರುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ. ಈವರೆಗೆ ಶೇಂಗಾ ತಿನ್ನಿಸಿಲ್ಲವಾದರೆ ಮೊದಲ ದಿನ ಚಿಟಿಕೆಯಷ್ಟು ಕೊಟ್ಟು ತುಟಿ ಊದುತ್ತದೆಯೋ, ಗಂದೆ ಏಳುತ್ತದೆಯೋ ನೋಡಿ. ಇಡೀ ಶೇಂಗಾ ಕಾಳು, ಪುಟಾಣಿ, ಇಡೀ ದ್ರಾಕ್ಷಿ ಐದು ವರ್ಷದವರೆಗೆ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದು ಇಂಥವೇ.

ಬಟ್ಟಲಿಗೆ ಎಷ್ಟು ಬಡಿಸುತ್ತೀರಿ? ಈ ವಯಸ್ಸಿಗೆ ಒಂದು ಹೊತ್ತಿಗೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗ ಉಂಡರೆ ಬೇಕಾದಷ್ಟಾಯಿತು. ಶುರುವಿಗೆ ಮೂರು ಚಮಚ ಮಾತ್ರ ಹಾಕಿ, ಮುಗಿದರೆ ಮತ್ತೆ. ಎಲ್ಲರೂ ನೆಲಕ್ಕೆ ಕೂತಾಗ ಅವನನ್ನೂ ಕೂಡಿಸಿ, ಒಂದು ತಟ್ಟೆ ಅವನದೇ ಇರಲಿ, ಕೈ ಹಾಕಲಿ, ಚೆಲ್ಲಲಿ. ಇಪ್ಪತ್ತೈದು ನಿಮಿಷವಾದರೆ ತಟ್ಟೆ ಎತ್ತಿ. ಎಷ್ಟು ಉಂಡ ಎಂದು ಮಾತಾಡಬೇಡಿ. ಹೊಸ ರುಚಿ ಬೇಡವೆಂದರೆ ಎರಡು ದಿನ ಬಿಟ್ಟು ಮತ್ತೆ ಇಡಿ, ಎಂಟು ಹತ್ತು ಸಲ ಕಂಡ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು. ಮೊಬೈಲ್ ಮುಂದಿಟ್ಟು ಉಣಿಸಿದಾಗ ಹಸಿವಾದದ್ದೂ ಹೊಟ್ಟೆ ತುಂಬಿದ್ದೂ ಅವನಿಗೆ ತಿಳಿಯುವುದಿಲ್ಲ. ನಿಲ್ಲಿಸಿದ ಮೊದಲ ಮೂರು ನಾಲ್ಕು ದಿನ ಊಟ ಇನ್ನೂ ಇಳಿಯುತ್ತದೆ, ಅಳು ಏರುತ್ತದೆ. ಬಹಳ ಮನೆಗಳು ಸೋಲುವುದು ಮೂರನೆಯ ದಿನ. ಹಬ್ಬ, ಜಾತ್ರೆ, ನೆಗಡಿ ಜ್ವರ ಇಲ್ಲದ ವಾರ ನೋಡಿ ಶುರು ಮಾಡಿ.

ಹೊಡೆದ ವಿಷಯ. ತಪ್ಪಾಯಿತು, ಅದು ನಿಮಗೇ ಗೊತ್ತಿದೆ. ಮತ್ತೆ ಕೈ ಏಳುವಂತಾದರೆ ಉಣಿಸುವುದನ್ನು ಅಲ್ಲೇ ನಿಲ್ಲಿಸಿ, ತಟ್ಟೆ ಕೆಳಗಿಟ್ಟು, ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೊರಗೆ ಹೋಗಿ. ಒಂದು ಹೊತ್ತು ಕಡಿಮೆ ಉಂಡರೆ ಗಟ್ಟಿಮುಟ್ಟಾದ ಮಗುವಿಗೆ ಏನೂ ಆಗುವುದಿಲ್ಲ. ತಟ್ಟೆ ಕಂಡರೆ ಹೆದರುವುದನ್ನು ಕಲಿತರೆ ಬಿಡಿಸುವುದು ಕಷ್ಟ.

ಅತ್ತೆಯವರ ಹಗಲು ಹೇಗಿರುತ್ತದೆಂದು ಯೋಚಿಸಿ. ಎಂಟೂವರೆ ತಾಸು, ಓಡಾಡುವ ಮಗು, ಬಗ್ಗಿದರೆ ನೋಯುವ ಮೊಣಕಾಲು. ಬಾಟಲಿ ಹಿಡಿಸಿದರೆ ಇಪ್ಪತ್ತು ನಿಮಿಷ ಮನೆ ತಣ್ಣಗಿರುತ್ತದೆ. ಅದನ್ನು ಕಿತ್ತುಕೊಳ್ಳುವ ಮಾತು ನಿಮ್ಮ ಬಾಯಿಂದ ಬಂದರೆ "ನನಗ ಮಕ್ಕಳು ಸಾಕಾಕ ಬರಂಗಿಲ್ಲೇನು" ಎಂದೇ ಕೇಳಿಸುತ್ತದೆ. ಅಡುಗೆಮನೆಯಲ್ಲಿ ನಿಂತು ವಾದಿಸಬೇಡಿ. ಅಂಗನವಾಡಿಯಲ್ಲಿ ತೂಕ ಮಾಡುವ ದಿನ ಅವರನ್ನೂ ಕರೆದೊಯ್ಯಿರಿ, ಕಾರ್ಡಿನ ಗೆರೆ ಅವರ ಮುಂದೆಯೇ ಎಳೆಯಲಿ, ಹಾಲಿನ ಮಾತನ್ನು ಕಾರ್ಯಕರ್ತೆಯ ಬಾಯಿಂದ ಕೇಳಲಿ. ಮನೆಗೆ ಬಂದು "ಅತ್ತೀ, ರೊಟ್ಟಿ ನಿಮ್ಮ ಕೈಲೇ ಮೆತ್ತಗ ಬರತಾವ, ಅವನ ಪಾಲಿಂದು ನೀವೇ ನೆನಸ್ರಿ" ಎನ್ನಿ. ಅದು ಬೆಣ್ಣೆ ಹಚ್ಚುವ ಮಾತಲ್ಲ, ಮಧ್ಯಾಹ್ನದ ಊಟ ನಿಜಕ್ಕೂ ಅವರ ಕೈಯಲ್ಲೇ ಇದೆ.

ಯಜಮಾನರಿಗೆ ಈ ಪುಟ ಓದಲು ಕೊಡಿ. "ನೀವಿಬ್ರು" ಎನ್ನುವುದು ಇಲ್ಲಿ ನಡೆಯುವುದಿಲ್ಲ, ಮಗು ಮೂವರದೂ. ರಾತ್ರಿ ಎಂಟರ ಊಟ ಅವರ ಪಾಲಿಗೆ, ಅವರ ಮೊಬೈಲ್ ಆಗ ಇನ್ನೊಂದು ಕೋಣೆಯಲ್ಲಿ.

ಎರಡು ತಿಂಗಳಾದರೂ ಗೆರೆ ಮೇಲೇರದಿದ್ದರೆ, ಅಂಗೈ ಮತ್ತು ಕೆಳರೆಪ್ಪೆಯ ಒಳಗು ಬಿಳಚಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಕ್ಕಳ ವೈದ್ಯರಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇಷ್ಟು ಹಾಲು ಕುಡಿದವನಿಗೆ ಈಗಲೇ ಒಮ್ಮೆ ಮಾಡಿಸಿದರೂ ತಪ್ಪಿಲ್ಲ. ಜಂತುಹುಳದ ಮಾತ್ರೆಯನ್ನು ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲೇ ಕೊಡುತ್ತಾರೆ, ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ. ಆಶಾ ಕಾರ್ಯಕರ್ತೆಯ ಬಳಿ ಕಬ್ಬಿಣಾಂಶದ ಸಿರಪ್ ಕೇಳಿ, ವಾರಕ್ಕೆ ಎರಡು ಸಲ 1 ಮಿಲಿ, ಊಟವಾದ ಮೇಲೆ, ಹಾಲಿನ ಜೊತೆ ಮಾತ್ರ ಬೇಡ. ಅದು ಶುರುವಾದ ಮೇಲೆ ಮಲ ಕಪ್ಪಾಗುವುದುಂಟು. ಅತ್ತೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ ಸೀಸೆ ಅಂದೇ ತಿಪ್ಪೆ ಸೇರುತ್ತದೆ.