ತಿದ್ದಿದ ಪ್ರೊಟೀನನ್ನು ದುಬೈಯಿಂದ ತರಿಸಬಹುದಾ?

ಪ್ರಶ್ನೆ: ಡಾಕ್ಟ್ರಮ್ಮ, ಮಗಳ ಮಗುವಿಗೆ ಹುಟ್ಟಿದ ವಾರದೊಳಗೆ ರಕ್ತದಲ್ಲಿ ನಂಜಾಗಿ ಎನ್‌ಐಸಿಯುನಲ್ಲಿ ಇಟ್ಟಿದ್ದರು. ಈಗ ಹುಷಾರಾಗಿ ಮನೆಗೆ ಬಂದಿದೆ. ಪ್ರೊಟೀನ್ ಒಂದನ್ನು ಬದಲಾಯಿಸಿ ಎಳೆ ಮಕ್ಕಳ ಸೆಪ್ಸಿಸ್‌ಗೆ ಮದ್ದು ಮಾಡುತ್ತಾರಂತೆ, ಅಳಿಯ ಮೊಬೈಲಿನಲ್ಲಿ ಓದಿದರು. ಅವರು ದುಬೈಯಲ್ಲಿದ್ದಾರೆ. ಅಲ್ಲಿಂದ ತರಿಸಿ ಇಟ್ಟುಕೊಳ್ಳಬಹುದಾ?
– ಒಬ್ಬ ಅಜ್ಜಿ, ಕಾಪು

ಉತ್ತರ: ಬೇಡ ಅಮ್ಮ. ದುಬೈಯಲ್ಲೂ ಸಿಗುವುದಿಲ್ಲ, ಇನ್ನೂ ಮಾರಾಟಕ್ಕೆ ಬಂದಿಲ್ಲ. ಹಾಗಂತ ಅಳಿಯಂದಿರು ಓದಿದ್ದು ಸುಳ್ಳಲ್ಲ.

ನಂಜಿನಲ್ಲಿ, ಅಂದರೆ ಸೆಪ್ಸಿಸ್‌ನಲ್ಲಿ, ಕ್ರಿಮಿಯ ಕಾಟದ ಜೊತೆಗೆ ನಮ್ಮ ದೇಹದ್ದೇ ಗಲಾಟೆಯೂ ಇರುತ್ತದೆ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳದ ಗೋಡೆ ಸೋರುತ್ತದೆ. ಇದನ್ನು ಹಿಡಿತದಲ್ಲಿಡಲು ನಮ್ಮ ಲಿವರ್ ‘ಪ್ರೊಟೀನ್ ಸಿ’ ಅನ್ನುವುದನ್ನು ತಯಾರಿಸುತ್ತದೆ. ಅದಕ್ಕೆ ಎರಡು ಕೆಲಸ. ರಕ್ತ ಹೆಪ್ಪುಗಟ್ಟದಂತೆ ನೋಡುವುದು ಒಂದು, ನಾಳದ ಒಳಪದರವನ್ನು ಕಾಪಾಡುವುದು ಇನ್ನೊಂದು. ಆಗ ತಾನೇ ಹುಟ್ಟಿದ ಕೂಸಿನಲ್ಲಿ ಇದು ದೊಡ್ಡವರಿಗಿಂತ ತುಂಬಾ ಕಡಿಮೆ.

ಹಾಗಾದರೆ ಹೊರಗಿನಿಂದ ಕೊಟ್ಟರಾಯಿತು, ಅಲ್ವಾ? ಕೊಟ್ಟು ನೋಡಿದ್ದಾರೆ. ‘ಝೈಗ್ರಿಸ್’ ಎಂಬ ಹೆಸರಿನಲ್ಲಿ 2001ರಲ್ಲಿ ಅಮೆರಿಕದಲ್ಲಿ ದೊಡ್ಡವರಿಗೆ ಒಪ್ಪಿಗೆ ಸಿಕ್ಕಿತು. ಮಕ್ಕಳ ಮೇಲಿನ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಲಾಭ ಕಾಣಲಿಲ್ಲ. ಮೆದುಳಿನ ರಕ್ತಸ್ರಾವ ಮಾತ್ರ ಔಷಧ ಪಡೆದವರಲ್ಲಿ ಜಾಸ್ತಿ ಕಂಡಿತು, ಅದರಲ್ಲೂ 60 ದಿನದೊಳಗಿನ ಕೂಸುಗಳಲ್ಲಿ. ದೊಡ್ಡವರಲ್ಲೂ ಪ್ರಯೋಜನವಿಲ್ಲವೆಂದು ಗೊತ್ತಾಗಿ 2011ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು.

ತಿದ್ದುವ ಯೋಚನೆಗೆ ಅರ್ಥ ಬರುವುದು ಇಲ್ಲಿಯೇ. ಪ್ರೊಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಪ್ರೊಟೀನ್ ಸಿಯ ಸರದಲ್ಲಿ ಒಂದು ಕಡೆ ಸಾಲಾಗಿ ಮೂರು ಲೈಸಿನ್‌ಗಳಿವೆ. ಅವನ್ನು ತೆಗೆದು ಮೂರು ಅಲನಿನ್ ಕೂರಿಸಿದರು. ರಕ್ತಸ್ರಾವಕ್ಕೆ ದಾರಿಯಾಗುವ, ರಕ್ತ ತೆಳ್ಳಗೆ ಮಾಡುವ ಗುಣ ಬಹುಪಾಲು ಹೋಯಿತು, ಕಾಪಾಡುವ ಗುಣ ಉಳಿಯಿತು! ನನಗಂತೂ ಇದು ಬಹಳ ಚಂದದ ಕೆಲಸ ಅನ್ನಿಸುತ್ತದೆ. ಹೀಗೆ ತಿದ್ದಿದ ಪ್ರೊಟೀನುಗಳು ನಂಜೇರಿದ ಇಲಿಗಳನ್ನು ಬದುಕಿಸಿವೆ. ಮನುಷ್ಯರಲ್ಲಿ ಪಾರ್ಶ್ವವಾಯುವಿಗೆ ಪರೀಕ್ಷೆ ನಡೆದಿದೆ. ಆದರೆ ಇಲಿಯಿಂದ ಮೂರು ಕಿಲೋ ತೂಕದ ಕೂಸಿಗೆ ದಾರಿ ದೂರ, ಝೈಗ್ರಿಸ್ ಕಥೆ ನೋಡಿದಿರಲ್ಲ.

ಹುಷಾರಾದ ಮಗುವಿಗೆ ನಂಜು ಮತ್ತೆ ಬಂದೇ ಬರುತ್ತದೆ ಅಂತಿಲ್ಲ. ಇವತ್ತಿಗೂ ನಂಜಿಗೆ ಮದ್ದು ಬೇಗ ಶುರು ಮಾಡುವ ಆಂಟಿಬಯೋಟಿಕ್ಕೇ, ಹೆಚ್ಚಾಗಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಹಾಗಾಗಿ ನೀವು ನೋಡಬೇಕಾದ್ದು ಮಗುವನ್ನು. ಚೆನ್ನಾಗಿ ಚೀಪುತ್ತಿದ್ದ ಕೂಸು ಮೊಲೆ ಬಿಟ್ಟಿತಾ? ಎಬ್ಬಿಸಿದರೂ ಸುಮ್ನೆ ಮಲಗಿದೆಯಾ? ಮೈ ತಣ್ಣಗಿದೆಯಾ? ಎಳೆಗೂಸಿಗೆ ನಂಜಾದರೆ ಜ್ವರವೇ ಬರಬೇಕೆಂದಿಲ್ಲ. ಮಗು ಅಳದಿರುವಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೂ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ. ಎದೆಗೂಡಿನ ಕೆಳಗೆ ಒಳಕ್ಕೆ ಎಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ.

ಹೊಕ್ಕುಳಿಗೆ ಎಣ್ಣೆ, ಅರಿಶಿನ ಏನೂ ಬೇಡ. ಒಣಗಿದ್ದರೆ ಸಾಕು. ರಾತ್ರಿ ಎರಡು ಗಂಟೆಗೆ ಅನುಮಾನ ಬಂದರೂ ಆಟೋದವನನ್ನು ಎಬ್ಬಿಸಿ, ನಿಮಗೆ ಉಡುಪಿಯೇ ಹತ್ತಿರ.