ವೀಡ್ ಕಟರ್‌ನಲ್ಲಿ ಕಿಡಿಯೇ ಇಲ್ಲ, ಕಾಯಿಲ್ ಹೋಗಿದೆಯಾ?

ಉಡುಪಿಯ ಅಡಿಕೆ ತೋಟದಲ್ಲಿ ಮಳೆಗಾಲ ಪೂರ್ತಿ ಓಡಿದ ಪೆಟ್ರೋಲ್ ಯಂತ್ರ, ಹೊಸ ಪ್ಲಗ್ ಹಾಕಿದರೂ ಕಿಡಿ ಇಲ್ಲ ಅಂದಿದ್ದೀರಿ. ಸುಮ್ನೆ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ತರಲು ಓಡಬೇಡಿ. ನನಗೆ ಅನುಮಾನ ಜಾಸ್ತಿ ಇರುವುದು ಆಫ್ ಸ್ವಿಚ್ ಮೇಲೆ. ಇಂಜಿನ್ ನಿಲ್ಲಿಸಲು ಅದು ಕಾಯಿಲ್ ಕರೆಂಟನ್ನು ಅರ್ತ್ ಮಾಡುತ್ತದೆ, ಅಂದರೆ ಇಂಜಿನ್ ಲೋಹಕ್ಕೆ ಹರಿಸಿಬಿಡುತ್ತದೆ. ಒಳಗೆ ನೀರು ಸೇರಿದರೆ, ಅಥವಾ ವೈರ್ ಸವೆದು ಲೋಹಕ್ಕೆ ತಾಗಿದರೆ, ಯಂತ್ರ ಯಾವಾಗಲೂ ಆಫ್ ಆಗಿಯೇ ಇರುತ್ತದೆ.

ಕಾಯಿಲ್‌ನಿಂದ ಸ್ವಿಚ್ಚಿಗೆ ಹೋಗುವ ಆ ಸಣ್ಣ ವೈರ್ ಬಿಚ್ಚಿ. ಪ್ಲಗ್ ಕಳಚಿ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್‌ಗೆ ತಾಗಿಸಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿ ಪೆಟ್ರೋಲ್ ಆವಿ ಬರುತ್ತದೆ ಅಲ್ವಾ! ಕಿಡಿ ಬಂತಾ? ತಪ್ಪು ಸ್ವಿಚ್ಚಿನದ್ದೋ ಅದರ ವೈರಿನದ್ದೋ. ಬರದಿದ್ದರೆ ಫ್ಲೈವೀಲ್ (ಹಗ್ಗ ಎಳೆದಾಗ ತಿರುಗುವ ಚಕ್ರ) ಮೇಲಿನ ಮ್ಯಾಗ್ನೆಟ್‌ನ ತುಕ್ಕು ಉಜ್ಜಿ, ಕಾಯಿಲ್‌ಗೂ ಅದಕ್ಕೂ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಸುಮಾರು 0.3 ಮಿ.ಮೀ. ಜಾಗ ಬಿಟ್ಟು ನೋಡಿ. ಆಗಲೂ ಇಲ್ಲವೆಂದರೆ ಕಾಯಿಲ್ ಬದಲಿಸಿ.